ಬೇಕಾದವರು

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಔಷಧಿ ಅಂಗಡಿಗೂ ಕ್ಲಿನಿಕ್ಕಿಗೂ ಬರವಿಲ್ಲ. ಅಲ್ಲಿನ ಒಂದು ವೃತ್ತಕ್ಕಂತೂ ಜನ ಉಷಾ ನರ್ಸಿಂಗ್ ಹೋಂ ಸರ್ಕಲ್ ಎಂದೇ ಹೆಸರಿಟ್ಟಿದ್ದಾರೆ. ಭದ್ರಾವತಿ, ಶಿಕಾರಿಪುರದ ಕಡೆಯಿಂದ ಬಂದ ವಯಸ್ಸಾದವರ ಜೊತೆ ಯಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೂ ಕೌಂಟರಿನಿಂದ ಒಂದು ಪ್ರಶ್ನೆ ಕೇಳಿಬರುತ್ತಲೇ ಇರುತ್ತದೆ: “ನೀವು ಪೇಷಂಟಿಗೆ ಏನಾಗಬೇಕು?” ಮಗ, ಸೊಸೆ, ತಮ್ಮ, ಅಳಿಯ ಎಂಬ ಉತ್ತರಗಳು ಥಟ್ಟನೆ ಬರುತ್ತವೆ. ಗೆಳತಿಯನ್ನು ಕಣ್ಣಿನ ಪೊರೆ ತೆಗೆಸಲು ಭದ್ರಾವತಿಯಿಂದ ಕರೆತಂದಿದ್ದ ಅಜ್ಜಿಯೊಬ್ಬರು ಮಾತ್ರ ಒಂದು ಗಳಿಗೆ ತಡೆದರು. ಆಮೇಲೆ ಹೇಳಿದರು: “ಬೇಕಾದವರು ಕಣಮ್ಮ.” ಕೌಂಟರಿನ ಹುಡುಗಿಯ ಪೆನ್ನು ನಿಂತಿತು. ಅರ್ಜಿಯಲ್ಲಿ ಅದನ್ನು ಬರೆಯುವ ಜಾಗ ಇರಲಿಲ್ಲ.

ಕೇಳಿದ್ದರಲ್ಲೂ ‘ಬೇಕು’ ಇತ್ತು, ಹೇಳಿದ್ದರಲ್ಲೂ ಇತ್ತು. ‘ಏನಾಗಬೇಕು’ ಎನ್ನುವಾಗಿನ ಬೇಕು ನೆಂಟಸ್ತಿಕೆಯ ಲೆಕ್ಕ ಕೇಳುತ್ತದೆ. ‘ಬೇಕಾದವರು’ ಎನ್ನುವಾಗ ಆ ಲೆಕ್ಕ ಬದಿಗೆ ಸರಿದು, ನನಗೆ ಇವರಿಲ್ಲದೆ ಆಗದು ಎನ್ನುವ ಮಾತಷ್ಟೇ ಉಳಿಯುತ್ತದೆ. ಹಳಗನ್ನಡದ ‘ವೇೞ್ಕುಂ’ ಸವೆದು ಸವೆದು ಆದದ್ದು ನಮ್ಮ ‘ಬೇಕು’. ಬೇಡು, ಬೇಡ ಎಂಬ ಮಾತುಗಳೂ ಇದೇ ಬೇರಿನವು. ಕೇಳಿಕೊಳ್ಳುವುದು, ಬಯಸುವುದು, ನಿರಾಕರಿಸುವುದು ಮೂರೂ ಒಂದೇ ಮನೆಯಲ್ಲಿ ಹುಟ್ಟಿವೆ.

ಭದ್ರಾವತಿಯ ಮಟ್ಟಿಗೆ ‘ಬೇಕಾದವರು’ ಎಂಬ ಮಾತಿಗೆ ಇನ್ನೊಂದು ಕಳೆ ಇದೆ. ಮೈಸೂರು ಸಂಸ್ಥಾನ ಅಲ್ಲಿ ಕಟ್ಟಿಸಿದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಕೆಲಸ ಹುಡುಕಿಕೊಂಡು ಬಂದ ತಮಿಳರು, ತೆಲುಗರು, ಮಲಯಾಳಿಗಳು ಕನ್ನಡಿಗರ ಜೊತೆ ಕ್ವಾರ್ಟರ್ಸಿನ ಸಾಲು ಮನೆಗಳಲ್ಲಿ ಸಂಸಾರ ಹೂಡಿದರು. ಇವರೆಲ್ಲರ ಮನೆಮಾತಿನಲ್ಲೂ ಈ ಮಾತು ಇದೆ. ತಮಿಳಿನಲ್ಲಿ ‘ವೇಂಡಿಯವರ್’, ಮಲಯಾಳದಲ್ಲಿ ‘ವೇಂಡಪ್ಪೆಟ್ಟವರ್’, ಇವೆರಡೂ ನಮ್ಮ ‘ಬೇಡು’ವಿನ ಬೇರಿನಿಂದಲೇ ಬಂದವು. ತೆಲುಗಿನವರು ‘ಕಾವಲಸಿನವಾಳ್ಳು’ ಎನ್ನುತ್ತಾರೆ. ಅದರ ಬೇರು ಬೇರೆ, ಅರ್ಥ ಒಂದೇ. ಆ ದಿನ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದವರ ಮನೆಮಾತು ತಮಿಳು. ಕರೆತಂದವರು ಕನ್ನಡದವರು. ಗಂಡಂದಿರು ಒಂದೇ ಷಿಫ್ಟಿನವರಾಗಿದ್ದರಂತೆ, ಇಬ್ಬರೂ ತೀರಿಕೊಂಡಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮಕ್ಕಳು ಹೋದದ್ದನ್ನು ತಪ್ಪು ಎನ್ನಲಾರೆ. ಕಾಗದದ ಕಾರ್ಖಾನೆ ಮುಚ್ಚಿದೆ, ಕಬ್ಬಿಣದ ಕಾರ್ಖಾನೆಯಲ್ಲಿ ಹಿಂದಿನ ಕೆಲಸವಿಲ್ಲ. ಊರಲ್ಲಿ ಉಳಿದು ಅವರೇನು ಮಾಡಬೇಕಿತ್ತು? ಉಳಿದದ್ದು ತಾಯಂದಿರು, ಮತ್ತೆ ಪಕ್ಕದ ಮನೆಯ ಬಾಗಿಲು.

ಇಷ್ಟು ಒಳ್ಳೆಯ ಮಾತನ್ನು ಅಧಿಕಾರದ ಸುತ್ತ ಇರುವವರು ಕೆಡಿಸಿದ್ದಾರೆ ಎಂಬ ಸಂಕಟ ನನಗಿದೆ. ‘ಬೇಕಾದವರಿಗೆ ಸೈಟು ಕೊಟ್ಟರು’, ‘ಅವರು ಮಂತ್ರಿಗಳಿಗೆ ಬೇಕಾದವರು’ ಎನ್ನುವಾಗ ಅದಕ್ಕೆ ವಶೀಲಿಯ ವಾಸನೆ ಅಂಟುತ್ತದೆ. ಅದನ್ನು ತೊಳೆದು ಮತ್ತೆ ನಮಗೆ ಒಪ್ಪಿಸುತ್ತಿರುವವರು ಇಂಥ ಅಜ್ಜಿಯರು.

ಮುಪ್ಪಿನ ದೊಡ್ಡ ಅಳಲನ್ನು ನಮ್ಮ ಜನ ಹೇಳಿಕೊಳ್ಳುವುದು ಈ ಮಾತಿನ ಎದುರು ಮಾತಿನಿಂದಲೇ: “ನಾನೀಗ ಯಾರಿಗೂ ಬೇಡವಾದೆ.” ಮಕ್ಕಳು ಫೋನಿನಲ್ಲಿ ಏನು ಬೇಕಮ್ಮಾ ಎಂದರೆ “ಏನೂ ಬೇಡ ಬಿಡಪ್ಪ” ಎನ್ನುವವರೂ ಇವರೇ. ಬೇಡಿದರೆ ಭಾರವಾದೇನು ಎಂಬ ಹೆದರಿಕೆ. ಗೆಳತಿಯ ಮುಂದೆ ಆ ಹೆದರಿಕೆ ಇಲ್ಲ. “ಅಕ್ಕಾ, ಕಾಲು ಊದಿದೆ, ಸ್ವಲ್ಪ ನೋಡಿ” ಎನ್ನಬಹುದು. ಏಕೆಂದರೆ ನಾಳೆ ಸಕ್ಕರೆ ಕಾಯಿಲೆಯ ಮಾತ್ರೆ ತರಿಸಿಕೊಳ್ಳಲು ಅಕ್ಕನೂ ಇವರನ್ನೇ ಕೇಳಬೇಕು. ಒಬ್ಬರ ಮನೆಯ ಇನ್ನೊಂದು ಬೀಗದ ಕೈ ಇನ್ನೊಬ್ಬರ ಸೆರಗಿನ ಗಂಟಿನಲ್ಲಿ. ಪಿಂಚಣಿ ನಿಲ್ಲದಿರಲೆಂದು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗುವುದೂ ಇಬ್ಬರೂ ಸೇರಿಯೇ. ಸವೆದ ಬೆರಳನ್ನು ಯಂತ್ರ ಒಪ್ಪದಿದ್ದಾಗ ಒಬ್ಬರು ಇನ್ನೊಬ್ಬರ ಬೆರಳು ಒರೆಸಿ ಮತ್ತೆ ಒತ್ತಿಸುತ್ತಾರೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಕಾಸಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಗಂಜಿಯ ಡಬ್ಬಿ ಹಿಡಿದು ಬರಲು ಯಾರ ಮುಂದೆಯೂ ಕೈಚಾಚಬೇಕಿಲ್ಲ ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದರು.

ಕಾನೂನಿನ ಕಣ್ಣು ಮಾತ್ರ ರಕ್ತಸಂಬಂಧದ ಮೇಲೆ. ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ಆಸ್ತಿಗೆ ವಾರಸುದಾರರಾಗುವ ನೆಂಟರಿಗೆ ಹೊಣೆ ಹೊರಿಸುತ್ತದೆ. ಗೆಳತಿಯ ಮೇಲೆ ಹೊಣೆ ಹೊರಿಸಬೇಕೆಂದು ನಾನು ಹೇಳುವುದಿಲ್ಲ. ಹೊರಿಸದೆಯೇ ಹೊತ್ತವರು ಅವರು. ಆದರೆ ಆಪರೇಷನ್ನಿನ ಹೊತ್ತಿಗೆ ವಿಷಯ ಯಾರಿಗೆ ತಿಳಿಸಬೇಕು, ರಾತ್ರಿ ಯಾರನ್ನು ಒಳಗೆ ಬಿಡಬೇಕು ಎಂಬಲ್ಲಾದರೂ ಅವರ ಹೆಸರಿಗೆ ಮೊದಲ ಜಾಗ ಸಿಗಬೇಕು.

ಒಂದು ಕಡೆ ಆ ಜಾಗ ಈಗಾಗಲೇ ಇದೆ. ತಿಳಿದವರು ಕಡಿಮೆ ಎಂದು ಇಲ್ಲಿ ಬರೆಯುತ್ತಿದ್ದೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ನೆನಪಿನ ಶಕ್ತಿ ತೀವ್ರವಾಗಿ ಕುಂದುವುದನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಅಂಥ ದಿನ ಬಂದರೆ ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ನಿಲ್ಲುವವರು ಯಾರು ಎಂದು ಮೊದಲೇ ಹೆಸರಿಸಬಹುದು. ಅವರು ನೆಂಟರೇ ಆಗಬೇಕಿಲ್ಲ. ಅವರ ಲಿಖಿತ ಒಪ್ಪಿಗೆ ಬೇಕು. ಇದಕ್ಕೆ ಸ್ಟಾಂಪ್ ಕಾಗದವೂ ಬೇಡ, ಒಂದು ಬಿಳಿ ಹಾಳೆ ಸಾಕು. ಬರೆದು ಸಹಿ ಹಾಕಬೇಕು, ಹೆಬ್ಬೆಟ್ಟೂ ನಡೆಯುತ್ತದೆ.