ಏದುಸಿರಿಗೆ ಎರಡು ಕಾರಣ: ಮಯೋಸೈಟಿಸ್ ರೋಗಿಗಳಲ್ಲಿ ಶಿಲೀಂಧ್ರ ಸೋಂಕು

ಸ್ನಾಯು ಮತ್ತು ಚರ್ಮದ ಉರಿಯೂತದ ಕಾಯಿಲೆಯಾದ ಡರ್ಮಟೊಮಯೋಸೈಟಿಸ್ ಇರುವವರಿಗೆ ಕುಳಿತಲ್ಲಿಂದ ಏಳುವುದು, ತಲೆ ಬಾಚಿಕೊಳ್ಳುವುದೂ ಕಷ್ಟ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರುವಾಗಿ ಕೆಲವು ವಾರ ಕಳೆದರೆ ತೋಳುಗಳಿಗೆ ಬಲ ಬರತೊಡಗುತ್ತದೆ. ಅದೇ ಹೊತ್ತಿಗೆ ಜ್ವರ, ಒಣಕೆಮ್ಮು, ಏದುಸಿರು ಕಾಣಿಸಿಕೊಂಡರೆ? ಮೂಲ ಕಾಯಿಲೆಯೇ ಶ್ವಾಸಕೋಶಕ್ಕೆ ಹಬ್ಬಿರಬಹುದು. ನ್ಯೂಮೋಸಿಸ್ಟಿಸ್ ಜಿರೊವೆಸಿ ಎಂಬ ಶಿಲೀಂಧ್ರ ಹೊಕ್ಕಿರಲೂಬಹುದು. ಮೊದಲನೆಯದಕ್ಕೆ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು, ಎರಡನೆಯದಕ್ಕೆ ಹಾಗೆ ತಗ್ಗಿಸಿದ್ದೇ ಕಾರಣ.

ಸಿ.ಟಿ. ಸ್ಕ್ಯಾನಿನಲ್ಲಿ ಎರಡೂ ಮಂಜು ಕವಿದ ಗಾಜಿನಂತೆಯೇ ಕಾಣುತ್ತವೆ. ಈ ಸೋಂಕಿನ ಸುಳಿವೆಂದು ನೋಡುವ ಎಲ್‌ಡಿಎಚ್ ಕಿಣ್ವವೂ ಇಲ್ಲಿ ನೆರವಿಗೆ ಬಾರದು. ಹಾನಿಗೊಂಡ ಸ್ನಾಯುವಿನಿಂದಲೂ ಅದು ರಕ್ತಕ್ಕೆ ಸೇರುತ್ತದೆ. ಎಚ್‌ಐವಿ ಸೋಂಕಿತರಿಗೆ ಹೋಲಿಸಿದರೆ ಇವರ ಶ್ವಾಸಕೋಶದಲ್ಲಿ ಶಿಲೀಂಧ್ರದ ಸಂಖ್ಯೆ ಕಡಿಮೆ, ರೋಗದ ವೇಗ ಮಾತ್ರ ಹೆಚ್ಚು. ಹೀಗಾಗಿ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲವೆಂದು ಸುಮ್ಮನಾಗುವಂತಿಲ್ಲ. ಶ್ವಾಸನಾಳದಿಂದ ತೊಳೆದು ತೆಗೆದ ದ್ರವದ ಪಿಸಿಆರ್ ಪರೀಕ್ಷೆ ಬೇಕು. ಎಂಡಿಎ5 ಪ್ರತಿಕಾಯ ಇರುವವರ ವಿಷಯದಲ್ಲಂತೂ ತಡ ಮಾಡಲೇಬಾರದು: ಅವರಲ್ಲಿ ಶ್ವಾಸಕೋಶದ ಉರಿಯೂತ ಬಹುಬೇಗ ಬಿಗಡಾಯಿಸಬಲ್ಲದು, ಲಿಂಫೋಸೈಟುಗಳೂ ಹಲವೊಮ್ಮೆ ಕುಸಿದಿರುತ್ತವೆ. ಎರಡೂ ಕಾರಣಗಳು ಒಟ್ಟಿಗೇ ಇರಬಹುದು.

ಬಹುತೇಕ ಶಿಲೀಂಧ್ರಗಳ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ನ್ಯೂಮೋಸಿಸ್ಟಿಸ್‌ನ ಪೊರೆಯಲ್ಲಿಲ್ಲ. ಅದನ್ನೇ ಗುರಿಯಾಗಿಸುವ ಫ್ಲುಕೊನಝೋಲ್ ಆದ್ದರಿಂದ ಇಲ್ಲಿ ನಿಷ್ಪ್ರಯೋಜಕ. ಕೆಲಸ ಮಾಡುವುದು ಹಳೆಯ, ಅಗ್ಗದ ಕೋ-ಟ್ರೈಮಾಕ್ಸಝೋಲ್. ದಿನಕ್ಕೆ 20 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೊಲೋನನ್ನು 4 ವಾರ ದಾಟಿ ಕೊಡುವುದಾದರೆ, ಜೊತೆಗೆ ಬೇರೆ ಅಪಾಯವೂ ಇದ್ದರೆ, ಸೋಂಕು ತಡೆಗಟ್ಟಲು ಇದನ್ನು ಕೊಡುವ ರೂಢಿಯಿದೆ. ನನ್ನ ಅಭಿಪ್ರಾಯದಲ್ಲಿ ಈ ತೀರ್ಮಾನ ಮರುಭೇಟಿಗೆ ಕಾಯಬಾರದು. ಸ್ಟೀರಾಯ್ಡ್ ಬರೆಯುವ ಚೀಟಿಯಲ್ಲೇ ಆಗಬೇಕು. ಆದರೆ ಅದೇ ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಇದೆಯೇ ಎಂದೂ ನೋಡಬೇಕು. ಎರಡೂ ಫೋಲೇಟ್ ಬಳಕೆಗೆ ಅಡ್ಡಿಯಾಗುವುದರಿಂದ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿಯಬಹುದು, ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಹೆಚ್ಚು. ಅಂಥವರಿಗೆ ಅಟೊವಕ್ವೋನ್‌ನಂಥ ಬೇರೆ ಔಷಧ ಯೋಚಿಸುವುದು ಲೇಸು.

ನುಂಗಲು ಕಷ್ಟವೆಂಬ ದೂರಿಗೂ ಇದೇ ಎಚ್ಚರ ಬೇಕು. ಗಂಟಲ ಸ್ನಾಯು ಸೋತಿದೆಯೆಂದು ಸ್ಟೀರಾಯ್ಡ್ ಏರಿಸುವ ಮುನ್ನ ಟಾರ್ಚ್ ಹಿಡಿದು ಬಾಯೊಳಗೆ ಕ್ಯಾಂಡಿಡಾದ ಬಿಳಿ ಪದರವಿದೆಯೇ ನೋಡಬೇಕು. ನುಂಗುವಾಗ ನೋವೂ ಇದ್ದರೆ, ಬಾಯಿ ಸ್ವಚ್ಛವಾಗಿ ಕಂಡರೂ, ಅನ್ನನಾಳದ ಎಂಡೋಸ್ಕೋಪಿಯ ಬಗ್ಗೆ ಯೋಚಿಸಬೇಕಾಗುತ್ತದೆ.