ಮೊಬೈಲ್ ಗೋಪುರದಲ್ಲಿ ಆಂಟೆನಾ ಮತ್ತು ರೇಡಿಯೋ: ಒಂದು ಬೆಸುಗೆಯ ಇತಿಹಾಸ

ಮೊಬೈಲ್ ದೂರವಾಣಿಯ ಗೋಪುರಗಳು ಊರೂರಿನಲ್ಲಿಯೂ ಕಣ್ಣಿಗೆ ಬೀಳುತ್ತವಾದರೂ ಇತಿಹಾಸಕಾರರು ಅವುಗಳನ್ನು ಆಕರವೆಂದು ಪರಿಗಣಿಸಿದುದು ವಿರಳ. ಅವುಗಳ ಮೇಲ್ಭಾಗದಲ್ಲಿ ಎರಡು ಬಗೆಯ ಉಪಕರಣಗಳನ್ನು ಕಾಣಬಹುದು. ಉದ್ದನೆಯ, ಕಿರಿದಾದ ಹಲಗೆಯಂತಿರುವುವು ಒಂದು ಬಗೆ. ಇವು ಬರಿಯ ಆಂಟೆನಾಗಳು. ಇವಕ್ಕಿಂತ ಗಿಡ್ಡಾಗಿಯೂ ಅಗಲವಾಗಿಯೂ ಇದ್ದು, ಬೆನ್ನಿನಲ್ಲಿ ಶಾಖವನ್ನು ಹೊರಚೆಲ್ಲುವ ಲೋಹದ ಏಣುಗಳನ್ನುಳ್ಳವು ಇನ್ನೊಂದು ಬಗೆ; ಇವುಗಳಲ್ಲಿ ಆಂಟೆನಾವೂ ರೇಡಿಯೋ ಯಂತ್ರವೂ ಒಂದೇ ಕವಚದೊಳಗೆ ಬೆಸೆದುಕೊಂಡಿವೆ. ಈ ಎರಡನೆಯ ಬಗೆಯ ಘಟಕವು 21ನೆಯ ಶತಮಾನದ ಕೇವಲ ನೂತನ ಆವಿಷ್ಕಾರವೆಂಬುದು ಸಾಮಾನ್ಯ ತಿಳಿವಳಿಕೆ. ಈ ತಿಳಿವಳಿಕೆ ಎಷ್ಟರಮಟ್ಟಿಗೆ ಸಾಧು, ಮತ್ತು ಈ ಬೆಸುಗೆಯಿಂದ ಏನು ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರೇಡಿಯೋದ ಮೂಲಕ್ಕೆ ಹೋಗಿ ನೋಡಿದರೆ ಯಂತ್ರ ಮತ್ತು ಆಂಟೆನಾಗಳು ಬೇರೆ ಬೇರೆಯಾಗಿರಲೇ ಇಲ್ಲ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ 1887-88ರಲ್ಲಿ ಹೈನ್‌ರಿಖ್ ಹರ್ಟ್ಸ್ ನಡೆಸಿದ ಪ್ರಯೋಗಗಳಲ್ಲಿ, ತರಂಗಗಳನ್ನು ಹೊರಸೂಸುವ ಲೋಹದ ಸರಳುಗಳ ನಡುವಣ ತೆರಪಿನಲ್ಲಿಯೇ ಕಿಡಿ ಹಾರುತ್ತಿತ್ತು. ಕಲ್ಕತ್ತೆಯಲ್ಲಿ 1895ರ ಸುಮಾರಿಗೆ ಜಗದೀಶಚಂದ್ರ ಬೋಸರು ಕೆಲವೇ ಮಿಲಿಮೀಟರುಗಳ ತರಂಗದೂರದವರೆಗೂ ಇಳಿದು ಪ್ರಯೋಗ ನಡೆಸಿದರು. ಅವರ ಉಪಕರಣದಲ್ಲಿ ಕಿಡಿಯ ಉತ್ಪಾದಕವೂ ತರಂಗವು ಹೊರಹೊಮ್ಮುವ ನಳಿಗೆಯೂ ಒಂದೇ ಅಂಗವಾಗಿದ್ದು, ಇಡೀ ಸಾಧನವು ಮೇಜಿನ ಮೇಲೆ ಹಿಡಿಯುವಷ್ಟು ಚಿಕ್ಕದಾಗಿತ್ತು. ತರಂಗವು ಕಿರಿದಾದಷ್ಟೂ ಆಂಟೆನಾವು ಕಿರಿದಾಗುತ್ತದೆ. ಆಂಟೆನಾ ಕಿರಿದಾದರೆ ಅದನ್ನು ಯಂತ್ರಕ್ಕೆ ಅಂಟಿಸಿಯೇ ಇಡಬಹುದು. ಮುಂದಿನ ಶತಮಾನದ ಕಥೆಯೆಲ್ಲವೂ ಈ ಒಂದು ನಿಯಮದ ಸುತ್ತಲೇ ತಿರುಗುತ್ತದೆಂದರೆ ಅತಿಶಯೋಕ್ತಿಯಾಗದು.

ಈ ಒಂದಾಗಿದ್ದ ಸಂಸಾರವು ಪಾಲಾದುದು ಮಾರ್ಕೋನಿಯ ಕಾಲದಲ್ಲಿ. ಸಾಗರವನ್ನು ದಾಟಬೇಕೆಂಬ ಹಂಬಲದಿಂದ ಆತನು ನೂರಾರು ಮೀಟರುಗಳ ತರಂಗದೂರಕ್ಕೆ ಹೋದನು. ಇಂಗ್ಲೆಂಡಿನ ಪೋಲ್ಡುವಿನಲ್ಲಿ ವರ್ತುಲಾಕಾರವಾಗಿ ನೆಟ್ಟಿದ್ದ 20 ಕಂಬಗಳು 1901ರ ಸೆಪ್ಟೆಂಬರಿನ ಬಿರುಗಾಳಿಗೆ ಉರುಳಿಬಿದ್ದುವು. ಎರಡು ಕಂಬಗಳ ನಡುವೆ ಬೀಸಣಿಗೆಯಂತೆ ತಂತಿಗಳನ್ನು ಇಳಿಬಿಟ್ಟು ಅದೇ ವರ್ಷದ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡಿಗೆ ಸಂಕೇತ ತಲುಪಿಸಿದುದಾಗಿ ಆತನು ಸಾರಿದನು. ಕಂಬಗಳು ಬಿದ್ದರೂ ಯಂತ್ರಗಳು ಕಟ್ಟಡದೊಳಗೆ ಕ್ಷೇಮವಾಗಿದ್ದುವೆಂಬುದು ಗಮನಿಸತಕ್ಕ ಸಂಗತಿ. ಅಂದಿನಿಂದ ಯಂತ್ರದ ಸ್ಥಾನ ಮನೆಯೊಳಗೆ, ಆಂಟೆನಾದ ಸ್ಥಾನ ಬಯಲಿನ ಎತ್ತರದಲ್ಲಿ ಎಂಬುದು ರೂಢಿಯಾಯಿತು. ಇವೆರಡನ್ನು ಕೂಡಿಸುವ ತಂತಿಯೇ ಫೀಡರ್.

ಮೊಬೈಲ್ ದೂರವಾಣಿಯು ಈ ರೂಢಿಯನ್ನು ಪ್ರಶ್ನಿಸದೆ ಸ್ವೀಕರಿಸಿತು. ಪ್ರದೇಶವನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸುವ ಕಲ್ಪನೆಯನ್ನು ಬೆಲ್ ಪ್ರಯೋಗಾಲಯದ ಡಿ. ಎಚ್. ರಿಂಗ್ 1947ರಲ್ಲಿ ಬರೆದಿಟ್ಟನು; 1979ರಲ್ಲಿ ಟೋಕಿಯೋ ನಗರದಲ್ಲಿ ಅದು ವ್ಯಾಪಾರಕ್ಕೆ ಬಂದಿತು. ಭಾರತದಲ್ಲಿ 1995ರ ಜುಲೈ 31ರಂದು ಮೊದಲ ಕರೆ ನಡೆದಾಗಲೂ ವ್ಯವಸ್ಥೆ ಹೀಗೆಯೇ ಇತ್ತು: ಗೋಪುರದ ಬುಡದಲ್ಲಿ ಹವಾನಿಯಂತ್ರಿತ ಕೋಣೆ, ಅದರೊಳಗೆ ರೇಡಿಯೋ ಯಂತ್ರ, ಅಲ್ಲಿಂದ ತುದಿಯವರೆಗೆ ಹೆಬ್ಬೆರಳಿಗಿಂತ ದಪ್ಪನಾದ ಕೇಬಲ್. ಈ ಕೇಬಲ್ಲು ಪುಕ್ಕಟೆಯಾಗಿ ದುಡಿಯುವುದಿಲ್ಲ. 2000 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಸುಮಾರು 50 ಮೀಟರು ಏರುವಷ್ಟರಲ್ಲಿ ಯಂತ್ರವು ಕೊಟ್ಟ ಶಕ್ತಿಯ ಅರ್ಧದಷ್ಟು ದಾರಿಯಲ್ಲಿಯೇ ಶಾಖವಾಗಿ ಕರಗಿಹೋಗುತ್ತದೆ. ಆವೃತ್ತಿ ಏರಿದಂತೆ ನಷ್ಟವೂ ಏರುತ್ತದೆ. ಹಳೆಯ ರೂಢಿಯನ್ನು ಮುರಿದುದು ಯಾವ ಸಿದ್ಧಾಂತವೂ ಅಲ್ಲ, ಈ ಸುಂಕ.

ಸುಂಕವನ್ನು ತಪ್ಪಿಸಲು ಯಂತ್ರವನ್ನೇ ಎರಡಾಗಿ ಸೀಳಲಾಯಿತು. ಗಣನೆ ಮಾಡುವ ಭಾಗವು ಕೆಳಗೆ ಉಳಿದು, ತರಂಗವನ್ನು ಉತ್ಪಾದಿಸುವ ಭಾಗವು ಆಂಟೆನಾದ ಬೆನ್ನಿಗೆ ಏರಿತು. ನಡುವೆ ಬೆಳಕಿನ ನಾರು ಬಂದಿತು. ಈ ನಾರಿನ ಮೇಲಿನ ಸಂಭಾಷಣೆಗೆ ಎರಿಕ್ಸನ್, ಹುವಾವೇ, ಎನ್.ಇ.ಸಿ., ನಾರ್ಟೆಲ್ ಮತ್ತು ಸೀಮೆನ್ಸ್ ಸಂಸ್ಥೆಗಳು 2003ರಲ್ಲಿ ಸಿ.ಪಿ.ಆರ್.ಐ. ಎಂಬ ಒಡಂಬಡಿಕೆಯನ್ನು ರೂಪಿಸಿಕೊಂಡುವು. ರೇಡಿಯೋ ಮತ್ತು ಆಂಟೆನಾಗಳ ನಡುವಣ ಅಂತರವು ಹತ್ತಾರು ಮೀಟರುಗಳಿಂದ ಒಂದೆರಡು ಮೀಟರಿಗೆ ಇಳಿಯಿತು. 2011ರಲ್ಲಿ ಎರಿಕ್ಸನ್ ಸಂಸ್ಥೆಯು ಆ ಅಂತರವನ್ನೂ ಅಳಿಸಿ, ಎರಡನ್ನೂ ಒಂದೇ ಕವಚದಲ್ಲಿಟ್ಟ 'ಏರ್' ಎಂಬ ಘಟಕವನ್ನು ಪ್ರದರ್ಶಿಸಿತು. ಅದೇ ವರ್ಷ ಆಲ್ಕಾಟೆಲ್-ಲೂಸೆಂಟ್ ಸಂಸ್ಥೆಯು ಅಂಗೈಯಲ್ಲಿ ಹಿಡಿಯಬಹುದಾದ ಚೌಕ ರೇಡಿಯೋ ಒಂದನ್ನು ಮುಂದಿಟ್ಟಿತು. ಇಂತಹ ಸಂದರ್ಭಗಳಲ್ಲಿ 'ಕ್ರಾಂತಿ' ಎಂಬ ಮಾತು ಅಗ್ಗವಾಗಿ ದೊರೆಯುತ್ತದೆ. ವಾಸ್ತವವಾಗಿ ಈ ಮೊದಲ ಘಟಕಗಳ ಪ್ರಯೋಜನವು ಬಹುಮಟ್ಟಿಗೆ ಕೇಬಲ್ಲಿನ ಉಳಿತಾಯ ಹಾಗೂ ಜೋಡಣೆಯ ಸೌಲಭ್ಯಗಳಿಗೆ ಸೀಮಿತವಾಗಿತ್ತು.

ಬೆಸುಗೆಯನ್ನು ಅನಿವಾರ್ಯವಾಗಿ ಮಾಡಿದುದು ಇನ್ನೊಂದು ವಿಚಾರ. ಹಲವು ಆಂಟೆನಾಗಳನ್ನು ಕೂಡಿಸಿ ತರಂಗವನ್ನು ಬೇಕಾದ ದಿಕ್ಕಿಗೆ ತಿರುಗಿಸಬಹುದೆಂದು ಕಾರ್ಲ್ ಫರ್ಡಿನಾಂಡ್ ಬ್ರೌನ್ 1905ರಲ್ಲಿಯೇ ಮೂರು ಆಂಟೆನಾಗಳಿಂದ ತೋರಿಸಿದ್ದನು. ಗೋಪುರದಲ್ಲಿ ಆಂಟೆನಾಗಳ ಸಂಖ್ಯೆಯನ್ನು ಮಿತಿಯಿಲ್ಲದೆ ಹೆಚ್ಚಿಸಿದರೆ ಏನಾದೀತೆಂಬುದನ್ನು ಬೆಲ್ ಪ್ರಯೋಗಾಲಯದ ಥಾಮಸ್ ಮಾರ್ಜೆಟ್ಟಾ 2010ರ ಪ್ರಬಂಧದಲ್ಲಿ ಗಣಿಸಿದರು. ಇದರ ಫಲವಾಗಿ ಬಂದ ಘಟಕಗಳಲ್ಲಿ 64 ರೇಡಿಯೋಗಳಿರುವುದು ಸಾಮಾನ್ಯ. ಇಷ್ಟನ್ನು ಬಿಡಿಬಿಡಿಯಾಗಿ ಇಟ್ಟು 64 ಕೇಬಲ್ಲುಗಳಿಂದ ಜೋಡಿಸುವುದು ಊಹೆಗೂ ನಿಲುಕದು. 3500 ಮೆಗಾಹರ್ಟ್ಸಿನಲ್ಲಿ ತರಂಗದೂರವು ಸುಮಾರು 8.6 ಸೆಂಟಿಮೀಟರು ಮಾತ್ರವಾದುದರಿಂದ ಅವೆಲ್ಲವೂ ಒಂದು ಹಲಗೆಯ ಮೇಲೆ ಹಿಡಿಯುತ್ತವೆ. ಬೋಸರ ಮೇಜಿನ ನಿಯಮವು ಇಲ್ಲಿ ಮರಳಿ ಬಂದಿತು. ನಾರಿಗೂ ಭಾರ ಹೆಚ್ಚಾಯಿತು. 20 ಮೆಗಾಹರ್ಟ್ಸ್ ಅಗಲದ ಪಟ್ಟಿಗೆ ಒಂದು ಆಂಟೆನಾಕ್ಕೆ ಸಿ.ಪಿ.ಆರ್.ಐ.ನಲ್ಲಿ ಸೆಕೆಂಡಿಗೆ 1.2288 ಗಿಗಾಬಿಟ್ ಬೇಕು; 64 ಆಂಟೆನಾಗಳಿಗೆ 78 ಗಿಗಾಬಿಟ್ಟಿಗೂ ಮಿಕ್ಕುತ್ತದೆ. ಆದುದರಿಂದ 2017ರ ಇ-ಸಿ.ಪಿ.ಆರ್.ಐ. ವ್ಯವಸ್ಥೆಯ ಮೂಲಕ ಗಣನೆಯ ಒಂದು ಪಾಲನ್ನೂ ಮೇಲಕ್ಕೆ ಕಳುಹಿಸಬೇಕಾಯಿತು. ಕೆಳಗಿನ ಕೋಣೆಯು ಕ್ರಮೇಣ ಬರಿದಾಯಿತು.

ತಂತ್ರಜ್ಞರ ಬರಹಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಇತಿಹಾಸದ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆ ಇಲ್ಲಿಂದ ತೊಡಗುತ್ತದೆ. ಆಂಟೆನಾ ಮತ್ತು ರೇಡಿಯೋಗಳು ಬೇರೆಯಾಗಿದ್ದಾಗ ಅವೆರಡರ ನಡುವಣ ಕೂಡುಜಾಗವು ಒಂದು ಸಂತೆಯೂ ಆಗಿತ್ತು; ಒಬ್ಬನಿಂದ ಯಂತ್ರವನ್ನೂ ಮತ್ತೊಬ್ಬನಿಂದ ಆಂಟೆನಾವನ್ನೂ ಕೊಳ್ಳಬಹುದಾಗಿತ್ತು. ಈ ಸಂತೆಯಲ್ಲಿ ಬಾಳಿದವರಲ್ಲಿ ಜರ್ಮನಿಯ ರೋಸೆನ್‌ಹೈಮಿನ ಕಾಟ್ರೈನ್ ಸಂಸ್ಥೆ ಪ್ರಮುಖವಾದುದು. 1919ರಲ್ಲಿ ಆಂಟನ್ ಕಾಟ್ರೈನ್ ಸ್ಥಾಪಿಸಿದ ಈ ಕುಟುಂಬದ ಉದ್ಯಮವು ಸಿಡಿಲಿನಿಂದ ತಂತಿಗಳನ್ನು ಕಾಯುವ ಸಾಧನಗಳಿಂದ ಆರಂಭವಾಗಿ, ಕೊನೆಗೆ ಮೊಬೈಲ್ ಆಂಟೆನಾಗಳಲ್ಲಿ ಜಗತ್ತಿನಲ್ಲಿಯೇ ಹೆಸರು ಗಳಿಸಿತು. ರೇಡಿಯೋವು ಆಂಟೆನಾದೊಳಗೆ ಹೊಕ್ಕಮೇಲೆ ಬರಿಯ ಆಂಟೆನಾ ಕಟ್ಟುವವರ ನೆಲೆ ಕಿರಿದಾಯಿತು. 2019ರ ಅಕ್ಟೋಬರಿನಲ್ಲಿ, ಸ್ಥಾಪನೆಯಾದ ನೂರನೆಯ ವರ್ಷದಲ್ಲಿಯೇ, ಅದರ ಆಂಟೆನಾ ವಿಭಾಗವು ಎರಿಕ್ಸನ್ ಸಂಸ್ಥೆಯ ಪಾಲಾಯಿತು. ಇದಕ್ಕೆ ಬೆಸುಗೆಯೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಖರೀದಿಸಿದವನು ರೇಡಿಯೋ ತಯಾರಕನೆಂಬುದು ಕೇವಲ ಆಕಸ್ಮಿಕವಾಗಿ ತೋರುವುದಿಲ್ಲ.

2018ರಲ್ಲಿ ರೂಪುಗೊಂಡ ಓ-ರಾನ್ ಕೂಟವು ಹಲವು ತಯಾರಕರ ಉಪಕರಣಗಳು ಒಂದರೊಡನೊಂದು ಹೊಂದುವಂತೆ ಮಾಡಲು ಯತ್ನಿಸುತ್ತಿದೆ. ಈ ಯತ್ನವು ಸ್ತುತ್ಯವಾದುದೇ. ಆದರೆ ಅದು ತೆರೆಯಲೆಳಸುವ ಬಾಗಿಲು ಕೆಳಗಿನ ಗಣಕಕ್ಕೂ ಮೇಲಿನ ಘಟಕಕ್ಕೂ ನಡುವಣದು. ಘಟಕದೊಳಗಿನ ಕೂಡುಜಾಗವು ಮುಚ್ಚಿಯೇ ಇದೆ.

ದುಡಿಮೆಯ ಸ್ವರೂಪವೂ ಬದಲಾಗದೆ ಉಳಿಯಲಿಲ್ಲ. ಹಿಂದೆ ರೇಡಿಯೋ ಕೆಟ್ಟರೆ ಕೋಣೆಯ ಬೀಗ ತೆಗೆದು, ನೆಲದ ಮೇಲೆ ನಿಂತು ಬಿಡಿಭಾಗವನ್ನು ಬದಲಿಸುತ್ತಿದ್ದರು. ಈಗ ಅದೇ ದೋಷಕ್ಕೆ ಗೋಪುರವನ್ನೇರಬೇಕು. ಮೇಲೆ ಬಿಚ್ಚಿ ಸರಿಪಡಿಸುವಂತಿಲ್ಲವಾದುದರಿಂದ, ಹಲವು ಮಾದರಿಗಳಲ್ಲಿ 20ರಿಂದ 40 ಕಿಲೋಗ್ರಾಂ ತೂಗುವ ಇಡೀ ಘಟಕವನ್ನೇ ಹಗ್ಗದಿಂದ ಇಳಿಸಿ ಇನ್ನೊಂದನ್ನು ಏರಿಸಬೇಕು. ಕೇಬಲ್ಲಿನಲ್ಲಿ ಉಳಿದ ಸುಂಕದ ಒಂದು ಅಂಶವನ್ನು ಹೀಗೆ ಏರುವವನು ತೆರುತ್ತಾನೆ. ಉಳಿತಾಯದ ಲೆಕ್ಕ ಬರೆಯುವವರು ಇದನ್ನು ಬದಿಗಿಡುವುದು ಸರಿಯಲ್ಲ.

ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು 5ಜಿ ಸೇವೆ ಆರಂಭವಾದ ತರುವಾಯ 3300 ಮೆಗಾಹರ್ಟ್ಸಿಗೆ ಮೇಲ್ಪಟ್ಟ ಪಟ್ಟಿಯಲ್ಲಿ ಬೆಸೆದ ಘಟಕಗಳು ವ್ಯಾಪಕವಾಗಿ ಬಂದುವು. ಆದರೆ ಹಳೆಯ ಪದ್ಧತಿ ಅಳಿದಿಲ್ಲ. 700 ಮೆಗಾಹರ್ಟ್ಸಿನ ತರಂಗದೂರವು ಸುಮಾರು 43 ಸೆಂಟಿಮೀಟರು. ಅದಕ್ಕೆ 64 ರೇಡಿಯೋಗಳ ಹಲಗೆಯನ್ನು ಮಾಡಹೊರಟರೆ ಗೋಪುರವು ಗಾಳಿಯ ಒತ್ತಡವನ್ನು ತಾಳದು. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸಂಸ್ಥೆಯು ಬಿ.ಎಸ್.ಎನ್.ಎಲ್.ನ 4ಜಿ ಜಾಲಕ್ಕೆ ಒದಗಿಸಿದ ರೇಡಿಯೋಗಳು ಕೂಡ ಆಂಟೆನಾದಿಂದ ಬೇರೆಯಾಗಿಯೇ ಇದ್ದು, ತುಂಡು ಕೇಬಲ್ಲುಗಳ ಮೂಲಕ ಅದನ್ನು ಸೇರುತ್ತವೆ.