ಮಕ್ಕಳ ತಟ್ಟೆಯಲ್ಲಿ ತರಕಾರಿ: ಕ್ಲಾರಾ ಡೇವಿಸ್ ಅವರ ಪ್ರಯೋಗ ಮತ್ತು ಅದರ ಐತಿಹಾಸಿಕ ಹಿನ್ನೆಲೆ

1. ವಿಷಯ ಪ್ರವೇಶ

ಎರಡು ಮೂರು ವರ್ಷದ ಮಗು ಬಾಯಿಗಿಟ್ಟ ಪಲ್ಯವನ್ನು ಉಗುಳುವುದು, ಅನ್ನದೊಳಗಿನ ಸೊಪ್ಪಿನ ಎಳೆಯನ್ನು ಹುಡುಕಿ ಹೊರಗಿಡುವುದು, ತಾಯಿಯಾದವಳು ಚಂದ್ರನನ್ನು ತೋರಿಸಿಯೋ ಗುಮ್ಮನ ಹೆಸರು ಹೇಳಿಯೋ ತುತ್ತನ್ನು ಒಳಸೇರಿಸಲು ಹೆಣಗುವುದು — ಇವು ಮನೆಮನೆಯ ಸಂಗತಿಗಳು. ಚರಿತ್ರೆಯ ವಿಷಯವಾಗತಕ್ಕವಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಮಗುವಿಗೆ ತರಕಾರಿಯನ್ನು ತಿನ್ನಿಸಲೇಬೇಕೆಂಬ ವಿಧಿಗೂ ಒಂದು ಹುಟ್ಟಿದ ಕಾಲವುಂಟು, ಅದನ್ನು ಹುಟ್ಟಿಸಿದ ಕಾರಣಗಳುಂಟು. ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಈ ವಿಧಿ ಬಲಗೊಂಡದ್ದು ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ. ಅದರೊಡನೆಯೇ ಊಟದ ವೇಳೆಯ ಕಲಹವೂ ವೈದ್ಯರ ಮುಂದೆ ಬಂದಿತು. ಆ ಕಲಹಕ್ಕೆ ಉತ್ತರವಾಗಿ 1926ರಲ್ಲಿ ಕ್ಲಾರಾ ಡೇವಿಸ್ ಎಂಬ ವೈದ್ಯೆ ಕೈಗೊಂಡ ಪ್ರಯೋಗವು ಪ್ರಸಿದ್ಧವಾದುದು. ಆದರೆ ಬಹುಮಟ್ಟಿಗೆ ಅರ್ಧವಾಗಿ ಮಾತ್ರ ಓದಲ್ಪಟ್ಟುದು. ಅದನ್ನು ಅದರ ಕಾಲದಲ್ಲಿಟ್ಟು ಪೂರ್ಣವಾಗಿ ಓದಿದರೆ ಏನು ತಿಳಿಯುತ್ತದೆ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

2. ನಿಷೇಧದಿಂದ ವಿಧಿಗೆ

ಹಣ್ಣು ತರಕಾರಿಗಳು ಮಕ್ಕಳಿಗೆ ಅಪಾಯಕರವೆಂಬ ಭಾವನೆ ಯೂರೋಪಿನಲ್ಲಿ ಬಹುಕಾಲದಿಂದ ಬೇರೂರಿತ್ತು. ಆಂಗ್ಲ ತತ್ತ್ವಜ್ಞಾನಿ ಜಾನ್ ಲಾಕ್ 1693ರಲ್ಲಿ ಪ್ರಕಟಿಸಿದ ಶಿಕ್ಷಣವಿಚಾರದ ಗ್ರಂಥದಲ್ಲಿ ಕರಬೂಜ, ದ್ರಾಕ್ಷಿ ಮೊದಲಾದ ಕೆಲವು ಹಣ್ಣುಗಳನ್ನು ಮಕ್ಕಳಿಂದ ದೂರವಿಡಬೇಕೆಂದು ಬರೆದಿದ್ದಾನೆ. ಸೇಬು ಮುಂತಾದ ಕೆಲವಕ್ಕೆ ಮಾತ್ರ ಅನುಮತಿಯಿತ್ತಿದ್ದಾನೆ. ಹತ್ತೊಂಬತ್ತನೆಯ ಶತಮಾನದ ನಗರಗಳಲ್ಲಿ ಈ ಭೀತಿ ಕಡಮೆಯಾಗಲಿಲ್ಲ. ಬೇಸಗೆ ಬಂತೆಂದರೆ ಅತಿಸಾರದಿಂದ ಸಾವಿರಾರು ಕೂಸುಗಳು ಸಾಯುತ್ತಿದ್ದ ಕಾಲವದು. ಕೊಳಕು ನೀರು, ಕೆಟ್ಟ ಹಾಲು, ಹೊಲಸು ತಗುಲಿದ ಕಾಯಿಪಲ್ಯ ಇವುಗಳ ನಡುವೆ ನಿಜವಾದ ರೋಗಮೂಲವನ್ನು ಬೇರ್ಪಡಿಸಿ ತೋರಿಸುವ ಸಾಧನವಿಲ್ಲದಿದ್ದಾಗ ವೈದ್ಯರು ಎಲ್ಲವನ್ನೂ ಸಂದೇಹದಿಂದ ಕಂಡದ್ದು ಸಹಜ.

1894ರಲ್ಲಿ ನ್ಯೂಯಾರ್ಕಿನ ಶಿಶುವೈದ್ಯ ಎಮ್ಮೆಟ್ ಹೋಲ್ಟ್ ಅವರು ಮಕ್ಕಳ ಪಾಲನೆ ಮತ್ತು ಆಹಾರವನ್ನು ಕುರಿತು ಪ್ರಶ್ನೋತ್ತರ ರೂಪದ ಒಂದು ಕೈಪಿಡಿಯನ್ನು ಹೊರತಂದರು. ದಾದಿಯರ ಶಿಕ್ಷಣಕ್ಕಾಗಿ ಹುಟ್ಟಿದ ಈ ಪುಸ್ತಕ ಅನೇಕ ಮುದ್ರಣಗಳನ್ನು ಕಂಡು ಅಮೆರಿಕದ ಮಧ್ಯಮವರ್ಗದ ಮನೆಗಳಲ್ಲಿ ಪ್ರಮಾಣಗ್ರಂಥವಾಯಿತು. ಯಾವ ತಿಂಗಳಲ್ಲಿ ಯಾವ ಆಹಾರ, ಎಷ್ಟು ಪ್ರಮಾಣ, ಎಷ್ಟು ಗಂಟೆಗೆ ಎಂಬುದನ್ನು ಅದು ನಿಷ್ಕರ್ಷೆ ಮಾಡಿ ಹೇಳಿತು. ಅಜ್ಜಿಯ ಅನುಭವದ ಸ್ಥಾನವನ್ನು ವೈದ್ಯರ ಪಟ್ಟಿ ಆಕ್ರಮಿಸಿದುದರ ಕುರುಹು ಇದು.

ಈ ಪಟ್ಟಿಯೊಳಗೆ ತರಕಾರಿ ಗೌರವದ ಸ್ಥಾನವನ್ನು ಪಡೆದದ್ದು ಜೀವಸತ್ತ್ವಗಳ ಶೋಧನೆಯಿಂದ. 1912ರಲ್ಲಿ ಕ್ಯಾಸಿಮಿರ್ ಫಂಕ್ ‘ವಿಟಮಿನ್’ ಎಂಬ ಹೆಸರನ್ನು ಬಳಕೆಗೆ ತಂದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಹಾಪ್‌ಕಿನ್ಸ್ ಅವರ ಪ್ರಯೋಗಫಲಗಳು ಪ್ರಕಟವಾದುವು. ಅಮೆರಿಕದ ಮೆಕಾಲಮ್ ಅವರು 1918ರಲ್ಲಿ ಪೋಷಣೆಯ ನೂತನ ಜ್ಞಾನವನ್ನು ಕುರಿತು ಗ್ರಂಥ ಬರೆದು ಹಾಲನ್ನೂ ಎಲೆಸೊಪ್ಪುಗಳನ್ನೂ ‘ರಕ್ಷಕ ಆಹಾರ’ಗಳೆಂದು ಸಾರಿದರು. ಹಿಂದಿನ ತಲೆಮಾರಿನ ತಾಯಿ ಮಗುವಿಗೆ ಕೊಡಲು ಹೆದರುತ್ತಿದ್ದ ಸೊಪ್ಪನ್ನೇ ಈಗಿನವಳು ಕೊಡದಿರಲು ಹೆದರಬೇಕಾಯಿತು. 1928ರಲ್ಲಿ ಮಿಷಿಗನ್ ಪ್ರಾಂತ್ಯದ ಫ್ರೀಮಾಂಟಿನ ಗರ್ಬರ್ ಕಾರ್ಖಾನೆಯವರು ಅರೆದು ಸೋಸಿದ ಬಟಾಣಿ, ಗಜ್ಜರಿ, ಪಾಲಕ್ ಸೊಪ್ಪುಗಳನ್ನು ಡಬ್ಬಿಗಳಲ್ಲಿ ತುಂಬಿ ಮಾರತೊಡಗಿದರು. ವಿಜ್ಞಾನದ ವಿಧಿಗೆ ವ್ಯಾಪಾರದ ನೆರವೂ ಒದಗಿತು.

ಆದರೆ ಮಕ್ಕಳು ಈ ನೂತನ ಜ್ಞಾನವನ್ನು ಅಂಗೀಕರಿಸಲಿಲ್ಲ. ಊಟ ಮಾಡದ ಮಗುವಿನ ದೂರು ವೈದ್ಯಾಲಯಗಳಲ್ಲಿ ಸಾಮಾನ್ಯವಾಯಿತು. ಷಿಕಾಗೋ ನಗರದ ಶಿಶುವೈದ್ಯ ಜೋಸೆಫ್ ಬ್ರೆನೆಮಾನ್ ಅವರು 1932ರಲ್ಲಿ ಈ ವಿಷಯವನ್ನು ಕುರಿತು ಬರೆಯುತ್ತ, ಮಗುವಿನ ಅರುಚಿಗೆ ಬಹುಪಾಲು ಕಾರಣ ಒತ್ತಾಯವೇ ಎಂಬ ಅಭಿಪ್ರಾಯವನ್ನು ಮುಂದಿಟ್ಟರು. ಪಟ್ಟಿ ಹೇಳಿದಷ್ಟು ತಿನ್ನಿಸಲಾರದ ತಾಯಿ ತನ್ನನ್ನೇ ಅಪರಾಧಿಯೆಂದು ಭಾವಿಸುತ್ತಿದ್ದಳು. ಆ ಭೀತಿ ಒತ್ತಾಯವಾಗಿ ಮಗುವಿನ ಮೇಲೆ ಎರಗುತ್ತಿತ್ತು.

3. ಡೇವಿಸ್ ಅವರ ಪ್ರಯೋಗ

ಇಂತಹ ಸನ್ನಿವೇಶದಲ್ಲಿ ಕ್ಲಾರಾ ಡೇವಿಸ್ ಅವರು 1926ರಲ್ಲಿ ಕ್ಲೀವ್‌ಲೆಂಡಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ತಮ್ಮ ಪ್ರಯೋಗವನ್ನು ಆರಂಭಿಸಿದರು. ಅನಂತರ ಅದು ಷಿಕಾಗೋದಲ್ಲಿ ಮುಂದುವರಿಯಿತು. ಮೊದಲ ಮೂರು ಶಿಶುಗಳ ವೃತ್ತಾಂತ 1928ರಲ್ಲಿಯೂ, ಒಟ್ಟು ಹದಿನೈದು ಮಕ್ಕಳ ಫಲಿತಾಂಶದ ಸಂಗ್ರಹ 1939ರಲ್ಲಿಯೂ ಪ್ರಕಟವಾದುವು. ಶಿಶುಗಳು ಆರಂಭದಲ್ಲಿ ಆರರಿಂದ ಹನ್ನೊಂದು ತಿಂಗಳಿನವು. ಹಾಲಿನ ಹೊರತು ಬೇರೆ ಆಹಾರವನ್ನು ಅರಿಯದವು. ಅವುಗಳಲ್ಲಿ ಕೆಲವು ಕೃಶವಾಗಿದ್ದುವು. ಕೆಲವಕ್ಕೆ ರಿಕೆಟ್ಸ್ ಎಂಬ ಮೂಳೆಯ ರೋಗ ತಗುಲಿತ್ತು. ಪ್ರಯೋಗವು ಒಂದೊಂದು ಮಗುವಿನಲ್ಲಿ ಆರು ತಿಂಗಳಿನಿಂದ ನಾಲ್ಕೂವರೆ ವರ್ಷಗಳವರೆಗೆ ನಡೆಯಿತು.

ಆಹಾರದ ಪಟ್ಟಿಯಲ್ಲಿ ಮೂವತ್ತನಾಲ್ಕು ಪದಾರ್ಥಗಳಿದ್ದುವು: ಹಾಲು, ಹುಳಿಹಾಲು, ಮೊಟ್ಟೆ, ಹಲವು ಬಗೆಯ ಮಾಂಸ, ಮೀನು, ಇಡೀ ಧಾನ್ಯಗಳು, ಹಣ್ಣುಗಳು, ತರಕಾರಿಗಳಲ್ಲಿ ಗಜ್ಜರಿ, ಬಟಾಣಿ, ಕೋಸು, ಹೂಕೋಸು, ಬೀಟ್‌ರೂಟು, ಆಲೂಗೆಡ್ಡೆ, ಪಾಲಕ್, ಲೆಟಿಸ್ ಮುಂತಾದುವು. ಸಕ್ಕರೆಯಿಲ್ಲ, ಡಬ್ಬಿಯ ಆಹಾರವಿಲ್ಲ, ಉಪ್ಪನ್ನು ಯಾವುದಕ್ಕೂ ಬೆರೆಸದೆ ಬೇರೊಂದು ಬಟ್ಟಲಿನಲ್ಲಿ ಇಡುತ್ತಿದ್ದರು. ಪ್ರತಿಯೊಂದು ಊಟಕ್ಕೂ ಪಟ್ಟಿಯಿಂದ ಆರಿಸಿದ ಹಲವು ಪದಾರ್ಥಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿಟ್ಟು ಮಗುವಿನ ಮುಂದೆ ತರುತ್ತಿದ್ದರು. ಪಕ್ಕದಲ್ಲಿ ದಾದಿ ಚಮಚ ಹಿಡಿದು ಸುಮ್ಮನೆ ಕುಳಿತಿರಬೇಕು. ಮಗು ಕೈಚಾಚಿದ ಅಥವಾ ಬೆರಳು ತೋರಿದ ಪದಾರ್ಥವನ್ನು ಮಾತ್ರ ಚಮಚದಲ್ಲಿ ತೆಗೆದು ಕೊಡಬಹುದು. ಬಾಯಿ ತೆರೆಯದಿದ್ದರೆ ಹಿಂದೆಗೆಯಬೇಕು. ತಿಂದುದಕ್ಕೆ ಹೊಗಳಿಕೆ ಕೂಡದು, ತಿನ್ನದಿದ್ದುದಕ್ಕೆ ಆಕ್ಷೇಪಣೆ ಕೂಡದು. ಊಟದ ಮುಂಚೆ ಮತ್ತು ಅನಂತರ ಪ್ರತಿಯೊಂದು ಬಟ್ಟಲನ್ನೂ ತೂಗಿ, ಚೆಲ್ಲಿದುದನ್ನು ಲೆಕ್ಕದಿಂದ ಕಳೆದು ಬರೆದಿಡುತ್ತಿದ್ದರು.

ಫಲಿತಾಂಶ ಕುತೂಹಲಕರವಾದುದು. ಮೊದಲ ಕೆಲವು ಊಟಗಳಲ್ಲಿ ಶಿಶುಗಳು ಆಹಾರವನ್ನಷ್ಟೇ ಅಲ್ಲದೆ ಬರಿಯ ಚಮಚವನ್ನೂ ತಟ್ಟೆಯ ಅಂಚನ್ನೂ ಕಾಗದದ ತುಂಡನ್ನೂ ಅಗಿದು ನೋಡಿದುವು. ಅಲ್ಪಕಾಲದಲ್ಲಿಯೇ ಪ್ರತಿಯೊಂದಕ್ಕೂ ತನ್ನದೇ ಆದ ಅಭಿರುಚಿ ಮೂಡಿತು. ಒಂದು ಮಗುವಿನ ಊಟ ಇನ್ನೊಂದರಂತಿರಲಿಲ್ಲ. ಒಂದೇ ಮಗುವಿನ ಇಂದಿನ ಊಟ ನಾಳಿನಂತಿರಲಿಲ್ಲ. ಬೆಳಗಿನ ಉಪಾಹಾರಕ್ಕೆ ಕಿತ್ತಳೆಯ ರಸ ಮತ್ತು ಯಕೃತ್ತು, ರಾತ್ರಿಗೆ ಹಲವಾರು ಮೊಟ್ಟೆ, ಬಾಳೆಹಣ್ಣು, ಹಾಲು — ಇಂತಹ ವಿಚಿತ್ರ ಸಂಯೋಜನೆಗಳು ದಾಖಲೆಯಾಗಿವೆ. ಹಾಗಿದ್ದರೂ ಮಕ್ಕಳೆಲ್ಲರೂ ಚೆನ್ನಾಗಿ ಬೆಳೆದರು. ರಿಕೆಟ್ಸ್ ಇದ್ದವರು ಗುಣಹೊಂದಿದರು. ಅಂಥ ಒಂದು ಮಗು ತನ್ನ ಮುಂದಿಟ್ಟ ಕಾಡ್ ಮೀನೆಣ್ಣೆಯನ್ನು ಗುಣವಾಗುವವರೆಗೆ ತಾನಾಗಿಯೇ ಕುಡಿದು, ಆಮೇಲೆ ಮುಟ್ಟಲಿಲ್ಲವೆಂದು ತಿಳಿದುಬರುತ್ತದೆ.

ತರಕಾರಿಯ ವಿಚಾರದಲ್ಲಿ ಎರಡು ಅಂಶಗಳು ಗಮನಾರ್ಹ. ಇಬ್ಬರು ಲೆಟಿಸನ್ನೂ ಒಬ್ಬರು ಪಾಲಕನ್ನೂ ಬಾಯಿಗೇ ಇಡಲಿಲ್ಲ. ಇವುಗಳ ಹೊರತು ಪಟ್ಟಿಯ ಎಲ್ಲ ಪದಾರ್ಥಗಳನ್ನೂ ಎಲ್ಲ ಮಕ್ಕಳೂ ಒಮ್ಮೆಯಾದರೂ ರುಚಿನೋಡಿದರು. ಆದರೆ ಒಟ್ಟು ಆಹಾರದಲ್ಲಿ ಹಣ್ಣು, ಮಾಂಸ, ಮೊಟ್ಟೆಗಳ ಪಾಲು ವೈದ್ಯರ ಪಟ್ಟಿ ಹೇಳುತ್ತಿದ್ದುದಕ್ಕಿಂತ ಹೆಚ್ಚಾಗಿಯೂ ಧಾನ್ಯ ತರಕಾರಿಗಳ ಪಾಲು ಕಡಮೆಯಾಗಿಯೂ ಇತ್ತು. ಅರ್ಥಾತ್, ಬಲವಂತವಿಲ್ಲದಿದ್ದರೆ ಮಗು ತರಕಾರಿಯನ್ನು ಪರೀಕ್ಷಿಸುತ್ತದೆ. ಆದರೆ ಅದನ್ನೇ ಬಯಸಿ ತಿನ್ನುತ್ತದೆಂದು ಹೇಳಲಾಗದು.

4. ಅರ್ಧ ಓದಿನ ಪರಿಣಾಮ

1946ರಲ್ಲಿ ಬೆಂಜಮಿನ್ ಸ್ಪಾಕ್ ಅವರು ಪ್ರಕಟಿಸಿದ ಶಿಶುಪಾಲನೆಯ ಗ್ರಂಥವು ಈ ಪ್ರಯೋಗವನ್ನು ವರ್ಣಿಸಿ ಮನೆಮನೆಗೆ ಮುಟ್ಟಿಸಿತು. ಇದರಿಂದ ಬಹುಮಂದಿ ತಾಯಂದಿರಿಗೆ ಸಮಾಧಾನ ದೊರೆತದ್ದು ನಿಜ. ಆದರೆ ಪ್ರಯೋಗದ ಸಾರವು ಬಾಯಿಂದ ಬಾಯಿಗೆ ಸಾಗಿದಂತೆ, ಮಗುವಿಗೆ ಬೇಕಾದ ಆಹಾರ ಯಾವುದೆಂಬುದು ಅದಕ್ಕೆ ಹುಟ್ಟಿನಿಂದಲೇ ಗೊತ್ತು ಎಂಬ ಸರಳ ಸೂತ್ರವಾಗಿ ಕುಗ್ಗಿತು.

ಡೇವಿಸ್ ಅವರ ಬರವಣಿಗೆ ಇದನ್ನು ಸಮರ್ಥಿಸುವುದಿಲ್ಲ. ಪ್ರಯೋಗದ ಗುಟ್ಟೆಲ್ಲ ಆಹಾರದ ಪಟ್ಟಿಯಲ್ಲಿಯೇ ಇದೆಯೆಂದು 1939ರ ಲೇಖನದಲ್ಲಿ ಅವರೇ ಸ್ಪಷ್ಟಪಡಿಸಿದ್ದಾರೆ. ಮೂವತ್ತನಾಲ್ಕೂ ಪುಷ್ಟಿಕರವಾದ ಪದಾರ್ಥಗಳೇ ಆಗಿದ್ದಾಗ ಮಗು ಯಾವುದನ್ನು ಆರಿಸಿದರೂ ಹಾನಿಯಿಲ್ಲ. ಸಂಸ್ಕರಿಸಿದ ಆಹಾರವನ್ನೂ ಸೇರಿಸಿ ಇನ್ನೊಂದು ಪ್ರಯೋಗ ನಡೆಸಬೇಕೆಂಬ ಅವರ ಯೋಜನೆ ಆ ದಶಕದ ಆರ್ಥಿಕ ಕುಸಿತದಿಂದ ಕೈಗೂಡಲಿಲ್ಲ. 1987ರಲ್ಲಿ ಮೇರಿ ಸ್ಟೋರಿ ಮತ್ತು ಜೂಡಿತ್ ಬ್ರೌನ್ ಅವರು ಮೂಲ ಲೇಖನಗಳನ್ನು ಮರುಪರಿಶೀಲಿಸಿ, ಸಹಜಜ್ಞಾನದ ವಾದಕ್ಕೆ ಇವುಗಳಲ್ಲಿ ಆಧಾರ ಸಾಲದೆಂದು ತೋರಿಸಿದರು.

ಚರಿತ್ರಕಾರನು ಮರೆಯಬಾರದ ಮತ್ತೊಂದು ಅಂಶವಿದೆ. ಈ ಶಿಶುಗಳು ಮನೆಯಲ್ಲಿ ಬೆಳೆದವರಲ್ಲ. ಸಾಕಲಾರದ ಸ್ಥಿತಿಯ ತಾಯಂದಿರು ಒಪ್ಪಿಸಿದವರು. ಅವರಲ್ಲಿ ಕೆಲವರು ತಮ್ಮ ಬಾಲ್ಯದ ವರ್ಷಗಳನ್ನೇ ಈ ಪ್ರಯೋಗದಲ್ಲಿ ಕಳೆದರು. ಬಡತನವಿಲ್ಲದಿದ್ದರೆ ಈ ಜ್ಞಾನವೂ ಈ ರೂಪದಲ್ಲಿ ದೊರೆಯುತ್ತಿರಲಿಲ್ಲ. ಅವರ ತಟ್ಟೆಯ ತೂಕದ ಲೆಕ್ಕ ನಮಗೆ ಉಳಿದಿದೆ. ತಾಯಿಯ ತುತ್ತಿಲ್ಲದ ಆ ಊಟ ಅವರಿಗೆ ಹೇಗಿದ್ದಿತೆಂಬುದನ್ನು ಯಾವ ತಕ್ಕಡಿಯೂ ಅಳೆದಿಲ್ಲ.

5. ಅನಂತರದ ಸಂಶೋಧನೆ

ಡೇವಿಸ್ ಅವರ ಶಿಶುಗಳು ತರಕಾರಿಯ ಪರಿಚಯ ಮಾಡಿಕೊಂಡದ್ದು ಒಂದು ವರ್ಷ ತುಂಬುವ ಮುನ್ನ. ಹೊಸ ಆಹಾರವನ್ನು ಕಂಡರೆ ಹಿಂಜರಿಯುವ ಸ್ವಭಾವ ಮಕ್ಕಳಲ್ಲಿ ಪ್ರಬಲವಾಗುವುದು ಎರಡನೆಯ ವರ್ಷದಿಂದ ಈಚೆಗೆ. ಆದ್ದರಿಂದ ಹಠದ ವಯಸ್ಸಿನ ಮಗುವಿನ ಪ್ರಶ್ನೆಗೆ ಬೇರೆ ಸಂಶೋಧನೆ ಬೇಕಾಯಿತು. ಲಿಯಾನ್ ಬರ್ಚ್ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲಿ ಎರಡು ವರ್ಷದ ಮಕ್ಕಳಿಗೆ ಅಪರಿಚಿತ ಆಹಾರಗಳನ್ನು ಬೇರೆ ಬೇರೆ ಸಲ ರುಚಿತೋರಿಸಿ, ಪರಿಚಯ ಹೆಚ್ಚಿದಷ್ಟೂ ಒಲವು ಹೆಚ್ಚುವುದನ್ನು ಕಂಡರು. ಬರಿಯ ನೋಟ ಸಾಲದು, ನಾಲಗೆಗೆ ರುಚಿ ತಗುಲಬೇಕೆಂದು 1987ರ ಪ್ರಯೋಗದಿಂದ ತಿಳಿಯಿತು. ಬಹುಮಾನದ ಆಸೆ ತೋರಿ ತಿನ್ನಿಸಿದ ಪದಾರ್ಥದ ಮೇಲೆ ಮಗುವಿನ ಒಲವು ಕುಗ್ಗುತ್ತದೆಂಬುದನ್ನು ಅವರದೇ 1984ರ ಅಧ್ಯಯನ ಸೂಚಿಸಿತು. 2001ರಲ್ಲಿ ಜೂಲಿ ಮೆನೆಲ್ಲಾ ಮತ್ತು ಸಹೋದ್ಯೋಗಿಗಳು, ತಾಯಿ ಗರ್ಭಿಣಿಯಾಗಿದ್ದಾಗ ಇಲ್ಲವೇ ಹಾಲೂಡುವಾಗ ಗಜ್ಜರಿಯ ರಸ ಸೇವಿಸಿದ್ದರೆ ಶಿಶು ಆ ರುಚಿಯನ್ನು ಸುಲಭವಾಗಿ ಒಪ್ಪುವುದೆಂದು ತೋರಿಸಿದರು.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ತಾತ್ಪರ್ಯವಿಷ್ಟು. ತರಕಾರಿಯನ್ನು ಕುರಿತ ಊಟದ ಮನೆಯ ಕಲಹಕ್ಕೆ ಮಗುವಿನ ಹಠವೊಂದೇ ಕಾರಣವಲ್ಲ. ಒಂದು ತಲೆಮಾರಿನ ನಿಷೇಧ ಮುಂದಿನ ತಲೆಮಾರಿನ ಕಟ್ಟಳೆಯಾಗಿ ಮಾರ್ಪಟ್ಟ ವೇಗವೂ, ಅದರ ಭಾರವನ್ನು ತಾಯಿಯೊಬ್ಬಳ ಮೇಲೆ ಹೊರಿಸಿದ ಸಮಾಜವೂ ಅದಕ್ಕೆ ಕಾರಣ. ಡೇವಿಸ್ ಅವರ ಪ್ರಯೋಗ ಹಿರಿಯರಿಗೂ ಕಿರಿಯರಿಗೂ ಬೇರೆ ಬೇರೆ ಕೆಲಸವನ್ನು ಹಂಚಿಕೊಟ್ಟಿತು: ತಟ್ಟೆಗೆ ಏನು ಬರಬೇಕೆಂಬುದು ಹಿರಿಯರ ಹೊಣೆ; ಅದರಲ್ಲಿ ಯಾವುದನ್ನು, ಎಷ್ಟು ತಿನ್ನಬೇಕೆಂಬುದು ಮಗುವಿನ ಅಧಿಕಾರ. 1980ರ ದಶಕದಲ್ಲಿ ಎಲಿನ್ ಸ್ಯಾಟರ್ ಅವರು ಈ ಹಂಚಿಕೆಯನ್ನೇ ನಿಯಮವಾಗಿ ರೂಪಿಸಿದರು. ಮಗುವಿನ ಅಧಿಕಾರವನ್ನಷ್ಟೇ ನೆನೆದು ಹಿರಿಯರ ಹೊಣೆಯನ್ನು ಮರೆತವರು ಡೇವಿಸ್ ಅವರನ್ನು ಅರ್ಧ ಓದಿದವರು. ಹೊಣೆಯನ್ನಷ್ಟೇ ಹೊತ್ತು ಬಾಯಿಗೆ ತುರುಕುವವರು ಅವರನ್ನು ಓದಿಯೇ ಇಲ್ಲ. ಸೊಪ್ಪಿನ ಹುಳಿಯನ್ನು ಮನೆಯವರೆಲ್ಲ ಉಣ್ಣುವ ಪಂಕ್ತಿಯಲ್ಲಿ ಮಗುವಿಗೂ ಒಂದು ಚಮಚ ಬಡಿಸಿ, ಇಂದು ಬಿಟ್ಟರೆ ಇನ್ನೊಂದು ದಿನ ಮತ್ತೆ ಬಡಿಸುವ ತಾಳ್ಮೆಗೆ ಈ ಇತಿಹಾಸದ ಬೆಂಬಲವಿದೆ.